ಮುಂದುವರಿದ ಅಂಡಾಶಯದ ಕ್ಯಾನ್ಸರ್: ಚಿಕಿತ್ಸೆ ಫಲ ಕೊಡುತ್ತದೆಯೇ ಎಂದು ಮೊದಲೇ ತಿಳಿಯಬಹುದೇ?



ನಮ್ಮ ಆರೋಗ್ಯ ಮಾಲಿಕೆಯಲ್ಲಿ ಈ ಬಾರಿ ಸ್ವಲ್ಪ ಭಾರವಾದ ವಿಷಯ. ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ನಮ್ಮ ಕನ್ನಡ ಕುಟುಂಬಗಳಲ್ಲಿ ಯಾರಿಗಾದರೂ ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ, "ಡಾಕ್ಟ್ರೇ, ಗುಣ ಆಗುತ್ತದಾ?" ಎರಡನೆಯ ಪ್ರಶ್ನೆಯನ್ನು ರೋಗಿಗೆ ಕೇಳಿಸದಂತೆ ಬಾಗಿಲ ಹೊರಗೆ ನಿಂತು ಕೇಳುತ್ತಾರೆ: "ಎಷ್ಟು ಸಮಯ ಇದೆ?"

ವೈದ್ಯರು ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಡುವುದಿಲ್ಲ. ಕೊಡಲು ಮನಸ್ಸಿಲ್ಲದೆ ಅಲ್ಲ. ಉತ್ತರ ಒಂದೇ ದಿನ ಸಿಗುವಂಥದ್ದಲ್ಲ ಎಂಬ ಕಾರಣಕ್ಕೆ. ಚಿಕಿತ್ಸೆಯ ಒಂದೊಂದು ಮೆಟ್ಟಿಲು ಏರಿದಂತೆ ಒಂದೊಂದು ಸುಳಿವು ಸಿಗುತ್ತದೆ. ಆ ಸುಳಿವುಗಳು ಯಾವುವು, ಅವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು, ಮನೆಯವರು ಏನು ಕೇಳಬೇಕು ಎಂಬುದನ್ನು ಇಲ್ಲಿ ಸರಳವಾಗಿ ನೋಡೋಣ.

*1. ಮೊದಲು ರೋಗದ ಪರಿಚಯ*

ಭಾರತದ ಮಹಿಳೆಯರಲ್ಲಿ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಬಿಟ್ಟರೆ ಹೆಚ್ಚು ಕಾಣುವುದು ಅಂಡಾಶಯದ ಕ್ಯಾನ್ಸರ್. 2022ರ ಜಾಗತಿಕ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 47 ಸಾವಿರ ಹೊಸ ರೋಗಿಗಳು. ಹತ್ತರಲ್ಲಿ ಏಳು ಮಂದಿಯಲ್ಲಿ ರೋಗ ಪತ್ತೆಯಾಗುವುದೇ ಮುಂದುವರಿದ ಹಂತದಲ್ಲಿ.

ಕಾರಣ ಸುಲಭ. ಅಂಡಾಶಯ ಇರುವುದು ಹೊಟ್ಟೆಯ ತಳದಲ್ಲಿ. ಅಲ್ಲಿ ಗಂಟು ಬೆಳೆದರೂ ಬಹಳ ದಿನ ನೋವಿಲ್ಲ. ಹೊಟ್ಟೆ ಉಬ್ಬರ, ಎರಡು ತುತ್ತು ತಿಂದರೆ ಹೊಟ್ಟೆ ತುಂಬಿದ ಹಾಗೆ, ಪದೇಪದೇ ಮೂತ್ರ, ಮಲಬದ್ಧತೆ, ಸೊಂಟ ನೋವು. ಇವೆಲ್ಲ "ಗ್ಯಾಸ್" ಎಂದೋ "ಮುಟ್ಟು ನಿಲ್ಲುವ ವಯಸ್ಸು" ಎಂದೋ ತಿಂಗಳುಗಟ್ಟಲೆ ಕಳೆದುಹೋಗುತ್ತವೆ. ಕೊನೆಗೆ ಸೀರೆಯ ಲಂಗ ಬಿಗಿಯಾಗುವಷ್ಟು ಹೊಟ್ಟೆಯಲ್ಲಿ ನೀರು ತುಂಬಿದಾಗ ಸೋನೋಗ್ರಫಿ ಮಾಡಿಸುತ್ತಾರೆ.

ಹಂತಗಳ ಲೆಕ್ಕ ಹೀಗಿದೆ. ಒಂದನೇ ಹಂತದಲ್ಲಿ ರೋಗ ಅಂಡಾಶಯ ಅಥವಾ ಗರ್ಭನಾಳದಲ್ಲೇ ಇರುತ್ತದೆ. ಎರಡನೆಯದರಲ್ಲಿ ಕಿಬ್ಬೊಟ್ಟೆಯೊಳಗಿನ ಇತರ ಅಂಗಗಳಿಗೆ ತಗುಲಿರುತ್ತದೆ. ಮೂರನೆಯದರಲ್ಲಿ ಅದನ್ನೂ ದಾಟಿ ಹೊಟ್ಟೆಯ ಒಳಪದರಕ್ಕೆ ಅಥವಾ ಹಿಂಭಾಗದ ಲಿಂಫ್ ಗ್ರಂಥಿಗಳಿಗೆ ಹರಡಿರುತ್ತದೆ. ನಾಲ್ಕನೆಯದರಲ್ಲಿ ಶ್ವಾಸಕೋಶದ ಸುತ್ತಲಿನ ನೀರಿನಲ್ಲಿ ಕ್ಯಾನ್ಸರ್ ಕೋಶ ಸಿಕ್ಕಿರುತ್ತದೆ, ಇಲ್ಲವೇ ಪಿತ್ತಜನಕಾಂಗದ ಒಳಗೆ, ಹೊಟ್ಟೆಯ ಹೊರಗೆ ರೋಗ ಹೋಗಿರುತ್ತದೆ. ಮೂರು ಮತ್ತು ನಾಲ್ಕನ್ನು "ಮುಂದುವರಿದ ಹಂತ" ಎನ್ನುತ್ತಾರೆ.

ಇಲ್ಲಿ ಒಂದು ಮಾತು ನೆನಪಿರಲಿ. ಬೇರೆ ಹಲವು ಕ್ಯಾನ್ಸರ್‌ಗಳಲ್ಲಿ ಹೊಟ್ಟೆ ತುಂಬ ಹರಡಿದ ಮೇಲೆ ದೊಡ್ಡ ಆಪರೇಷನ್ ಮಾಡುವುದಿಲ್ಲ. ಅಂಡಾಶಯದ ಕ್ಯಾನ್ಸರ್‌ನಲ್ಲಿ ಮೂರನೇ ಹಂತದಲ್ಲೂ ಗುಣಪಡಿಸುವ ಉದ್ದೇಶದಿಂದಲೇ ಚಿಕಿತ್ಸೆ ಆರಂಭವಾಗುತ್ತದೆ. ಆದ್ದರಿಂದ "ಮೂರನೇ ಹಂತ ಅಂತೆ, ಇನ್ನೇನು ಮಾಡುವುದು" ಎಂದು ಕೈಚೆಲ್ಲಿ ಊರಿಗೆ ಕರೆದುಕೊಂಡು ಹೋಗುವುದು ಸರಿಯಲ್ಲ.

*2. ಅಂದಾಜು ಬೇರೆ, ಜಾತಕ ಬೇರೆ*

ಅಂತರ್ಜಾಲದಲ್ಲಿ ಹುಡುಕಿದರೆ "ಸರಾಸರಿ ಆಯುಷ್ಯ ಇಷ್ಟು ತಿಂಗಳು" ಎಂಬ ಅಂಕಿ ಸಿಗುತ್ತದೆ. ಮನೆಯವರು ಅದನ್ನು ಓದಿ ರಾತ್ರಿ ನಿದ್ದೆ ಬಿಡುತ್ತಾರೆ. ಆ ಅಂಕಿಯ ಅರ್ಥವೇನು?

ಅದು ಸಾಮಾನ್ಯವಾಗಿ ಮಧ್ಯಾಂಕ. ಒಂದೇ ರೋಗದ 100 ಮಹಿಳೆಯರನ್ನು ಬದುಕಿದ ಅವಧಿಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ಬರುವವರ ಅವಧಿ ಅದು. ಮಧ್ಯಾಂಕ 40 ತಿಂಗಳು ಎಂದರೆ ಎಲ್ಲರೂ 40 ತಿಂಗಳು ಎಂದಲ್ಲ. ಅರ್ಧ ಮಂದಿ ಅದಕ್ಕಿಂತ ಹೆಚ್ಚು ಬದುಕುತ್ತಾರೆ, ಅವರಲ್ಲಿ ಕೆಲವರು ತುಂಬ ಹೆಚ್ಚು.

ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಪದರದ ಅಪರೂಪದ ಕ್ಯಾನ್ಸರ್ ಬಂತು. ಪುಸ್ತಕಗಳಲ್ಲಿ ಅದರ ಮಧ್ಯಾಂಕ 8 ತಿಂಗಳು. ಲೆಕ್ಕ ಬಲ್ಲ ಅವರು ಆ ಸಾಲಿನ ಬಲಬದಿಯ ಉದ್ದನೆಯ ಬಾಲದಲ್ಲಿ ತಾನೂ ಇರಬಹುದು ಎಂದು ಧೈರ್ಯ ತಂದುಕೊಂಡರು, ಅದರ ಬಗ್ಗೆ 1985ರಲ್ಲಿ ಒಂದು ಪ್ರಸಿದ್ಧ ಲೇಖನವನ್ನೂ ಬರೆದರು. ಮತ್ತೆ 20 ವರ್ಷ ಬದುಕಿ, 2002ರಲ್ಲಿ ಬೇರೊಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಇದರ ಅರ್ಥವಲ್ಲ. ಗುಂಪಿನ ಅಂಕಿ ಒಬ್ಬರ ಹಣೆಬರಹವಲ್ಲ ಎಂದಷ್ಟೇ ಅರ್ಥ.

ಹವಾಮಾನ ಇಲಾಖೆಯವರು "ನಾಳೆ ಠಾಣೆ ಜಿಲ್ಲೆಗೆ ಆರೆಂಜ್ ಅಲರ್ಟ್" ಎಂದಾಗ ನಾವು ಕೊಡೆ ಹಿಡಿದು, ಅರ್ಧ ಗಂಟೆ ಮೊದಲೇ ಮನೆ ಬಿಡುತ್ತೇವೆ. ವೈದ್ಯರ ಅಂದಾಜೂ ಅಷ್ಟೇ. ಮುಂದಿನ ಹೆಜ್ಜೆ ಇಡಲು ಅದು ಬೇಕು. ಹೊಸ ಮಾಹಿತಿ ಬಂದಂತೆ ಅದು ಬದಲಾಗುತ್ತದೆ.

*3. ಮೊದಲ ಸುಳಿವು: ಬಯಾಪ್ಸಿ ಮತ್ತು ದೇಹಶಕ್ತಿ*

ಅಂಡಾಶಯದ ಕ್ಯಾನ್ಸರ್ ಎಂದರೆ ಒಂದೇ ರೋಗವಲ್ಲ. ಎಲ್ಲಕ್ಕಿಂತ ಹೆಚ್ಚು ಕಾಣುವುದು "ಹೈ ಗ್ರೇಡ್ ಸೀರಸ್" ಎಂಬ ಬಗೆ. ಇದು ಹಲವರಲ್ಲಿ ಗರ್ಭನಾಳದ ತುದಿಯಲ್ಲಿ ಹುಟ್ಟುತ್ತದೆ ಎಂದು ಈಗ ತಿಳಿದಿದೆ. ಇದು ಬೇಗ ಹರಡುತ್ತದೆ, ಆದರೆ ಪ್ಲಾಟಿನಂ ಔಷಧಗಳಿಗೆ ಸಾಮಾನ್ಯವಾಗಿ ಚೆನ್ನಾಗಿ ಬಗ್ಗುತ್ತದೆ. "ಲೋ ಗ್ರೇಡ್ ಸೀರಸ್", "ಮ್ಯೂಸಿನಸ್", "ಕ್ಲಿಯರ್ ಸೆಲ್" ಬಗೆಗಳು ಕಿಮೋಗೆ ಅಷ್ಟಾಗಿ ಕರಗುವುದಿಲ್ಲ. ಅದಕ್ಕೇ ಬಯಾಪ್ಸಿ ವರದಿಯಲ್ಲಿ ಬರೆದ ಬಗೆ ಬಹಳ ಮುಖ್ಯ. ಆ ಕಾಗದ ಕಳೆಯಬೇಡಿ. ಬ್ಲಾಕ್ ಮತ್ತು ಸ್ಲೈಡ್‌ಗಳನ್ನೂ ಕೇಳಿ ಪಡೆದು ಇಟ್ಟುಕೊಳ್ಳಿ. ಬೇರೆ ಆಸ್ಪತ್ರೆಗೆ ಹೋದರೆ ಅವರು ಮೊದಲು ಕೇಳುವುದೇ ಅದನ್ನು.

ನಮ್ಮ ದೇಶಕ್ಕೆ ವಿಶೇಷವಾದ ಒಂದು ಎಚ್ಚರಿಕೆ ಇದೆ. ಹೊಟ್ಟೆಯ ಕ್ಷಯರೋಗವೂ ಇದೇ ವೇಷ ಹಾಕಿಕೊಂಡು ಬರುತ್ತದೆ: ಹೊಟ್ಟೆಯಲ್ಲಿ ನೀರು, ತೂಕ ಇಳಿತ, ಸ್ಕ್ಯಾನ್‌ನಲ್ಲಿ ಗಂಟು, ರಕ್ತದಲ್ಲಿ ಸಿಎ-125 ಏರಿಕೆ. ಟಿಬಿ ಇದ್ದವರಿಗೆ ಕ್ಯಾನ್ಸರ್ ಎಂದು ಆಪರೇಷನ್ ಆಗಬಾರದು. ಕ್ಯಾನ್ಸರ್ ಇದ್ದವರು ಟಿಬಿ ಮಾತ್ರೆ ನುಂಗುತ್ತಾ ತಿಂಗಳುಗಳನ್ನು ಕಳೆಯಬಾರದು. ಹರಡಿದ ರೋಗ ಎಂದು ಅನುಮಾನವಿದ್ದಾಗ ಬಯಾಪ್ಸಿ ಅಥವಾ ನೀರಿನ ಕೋಶ ಪರೀಕ್ಷೆ ಇಲ್ಲದೆ ಮುಂದೆ ಹೋಗಬೇಡಿ. ಆದರೆ ಅಂಡಾಶಯದಲ್ಲಿ ಮಾತ್ರ ಇರುವ ಅನುಮಾನದ ಗಂಟಿಗೆ ಸೂಜಿ ಚುಚ್ಚಿ ನೋಡುವುದು ಒಳ್ಳೆಯದಲ್ಲ. ಒಳಗಿನ ದ್ರವ ಚೆಲ್ಲಿ ರೋಗ ಹರಡಬಹುದು. ಅಂಥ ಗಂಟನ್ನು ಒಡೆಯದೆ ಇಡಿಯಾಗಿ ತೆಗೆಯಬೇಕು.

ರೋಗಿಯ ಶಕ್ತಿಯೂ ಒಂದು ದೊಡ್ಡ ಸುಳಿವು. ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಾರೆಯೇ, ದಿನದಲ್ಲಿ ಎಷ್ಟು ಹೊತ್ತು ಹಾಸಿಗೆಯಲ್ಲಿ ಇರುತ್ತಾರೆ ಎಂದು ನೋಡಿ ವೈದ್ಯರು 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. ರಕ್ತದ ಅಲ್ಬುಮಿನ್ 3.5ಕ್ಕಿಂತ ಕಡಿಮೆ ಇದ್ದರೆ ಆಪರೇಷನ್ ನಂತರದ ತೊಂದರೆಗಳು ಹೆಚ್ಚು. ಇದರಲ್ಲಿ ಮನೆಯವರು ಮಾಡಬಹುದಾದ ಕೆಲಸ ಇದೆ. "ಕ್ಯಾನ್ಸರ್‌ಗೆ ಹಾಲು ಬಿಡಿ, ಮೊಟ್ಟೆ ಬಿಡಿ, ಸಕ್ಕರೆ ಬಿಟ್ಟರೆ ಗಂಟು ಸಾಯುತ್ತದೆ" ಎಂಬ ಫಾರ್ವರ್ಡ್ ಮೆಸೇಜ್ ನಂಬಿ ರೋಗಿಯನ್ನು ಉಪವಾಸ ಕೆಡವಬೇಡಿ. ಬೇಳೆ, ಮೊಸರು, ಹಾಲು, ಮೊಟ್ಟೆ, ಮೀನು, ಮನೆಯ ರೂಢಿಯಂತೆ ಯಾವುದು ಸೇರುತ್ತದೋ ಅದನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರು ಬಾರಿ ಕೊಡಿ. ಮಧುಮೇಹ ಇದ್ದವರು ವೈದ್ಯರು ಹೇಳಿದ ಪಥ್ಯವನ್ನು ಪಾಲಿಸಲಿ.

*4. ಎರಡನೆಯ ಸುಳಿವು: ಆಪರೇಷನ್ ಮುಗಿದಾಗ ಒಳಗೆ ಎಷ್ಟು ಉಳಿಯಿತು?*

ಈ ಇಡೀ ಲೇಖನದಲ್ಲಿ ಒಂದೇ ಒಂದು ಅಂಶ ನೆನಪಿಡುವುದಾದರೆ ಇದನ್ನು ನೆನಪಿಡಿ. 1975ರಿಂದಲೇ ವೈದ್ಯರು ಗಮನಿಸುತ್ತಾ ಬಂದಿರುವ ಸಂಗತಿ ಇದು. ಗಂಟು ಮೊದಲು ಎಷ್ಟು ದೊಡ್ಡದಿತ್ತು ಎನ್ನುವುದಕ್ಕಿಂತ ಆಪರೇಷನ್ ಬಳಿಕ ಎಷ್ಟು ಉಳಿಯಿತು ಎನ್ನುವುದು ಮುಂದಿನ ದಾರಿಯನ್ನು ಹೆಚ್ಚು ಹೇಳುತ್ತದೆ.

2009ರಲ್ಲಿ ಜರ್ಮನಿಯ ತಜ್ಞ ಆಂಡ್ರಿಯಾಸ್ ಡು ಬೋಯಿಸ್ ಮತ್ತು ಸಂಗಡಿಗರು ಮೂರು ದೊಡ್ಡ ಅಧ್ಯಯನಗಳ 3126 ಮಹಿಳೆಯರ ದಾಖಲೆಯನ್ನು ಒಟ್ಟುಗೂಡಿಸಿ ನೋಡಿದರು. ಕಣ್ಣಿಗೆ ಕಾಣುವ ರೋಗ ಏನೂ ಉಳಿಯದವರಲ್ಲಿ ಬದುಕಿನ ಮಧ್ಯಾಂಕ 99 ತಿಂಗಳು. 1ರಿಂದ 10 ಮಿಲಿಮೀಟರ್ ಉಳಿದವರಲ್ಲಿ 36 ತಿಂಗಳು. ಅದಕ್ಕಿಂತ ಹೆಚ್ಚು ಉಳಿದವರಲ್ಲಿ ಸುಮಾರು 30 ತಿಂಗಳು. ಪೂರ್ತಿ ತೆಗೆಯುವುದಕ್ಕೂ "ಬಹುಪಾಲು ತೆಗೆದೆವು" ಎನ್ನುವುದಕ್ಕೂ ಎಷ್ಟು ಅಂತರ ನೋಡಿ. ಈ ಅಂತರ ಪೂರ್ತಿ ಶಸ್ತ್ರವೈದ್ಯರ ಕೈಚಳಕದ್ದೇ ಅಲ್ಲ. ಸುಲಭವಾಗಿ ಬಿಡಿಸಿಕೊಳ್ಳುವ ಗಂಟಿನ ಸ್ವಭಾವವೂ ಸೌಮ್ಯವಾಗಿರಬಹುದು. ಆದರೂ ಮನೆಯವರ ಕೈಯಲ್ಲಿರುವ ಆಯ್ಕೆ ಒಂದಿದೆ: ಆಪರೇಷನ್ ಯಾರ ಬಳಿ ಮಾಡಿಸುವುದು.

ಇದು ಬರೀ ಗರ್ಭಕೋಶ, ಅಂಡಾಶಯ ತೆಗೆಯುವ ಆಪರೇಷನ್ ಅಲ್ಲ. ಹೊಟ್ಟೆಯೊಳಗಿನ ಕೊಬ್ಬಿನ ಪರದೆಯಾದ ಒಮೆಂಟಮ್, ಹೊಟ್ಟೆಯ ಒಳಪದರ, ಕೆಲವೊಮ್ಮೆ ಕರುಳಿನ ತುಂಡು, ಗುಲ್ಮ, ವಪೆಯ ಮೇಲಿನ ಪದರ ಇಷ್ಟನ್ನೂ ತೆಗೆಯಬೇಕಾಗಬಹುದು. ಇದಕ್ಕೆ ಸ್ತ್ರೀರೋಗ ಕ್ಯಾನ್ಸರ್ ಶಸ್ತ್ರತಜ್ಞರು, ಐಸಿಯು, ರಕ್ತನಿಧಿ ಎಲ್ಲ ಬೇಕು. ಗಲ್ಲಿಯ ನರ್ಸಿಂಗ್ ಹೋಮಿನಲ್ಲಿ ಅರ್ಧ ತೆಗೆದು, "ಉಳಿದದ್ದು ಕಿಮೋದಲ್ಲಿ ಹೋಗುತ್ತದೆ" ಎಂದು ಹೊಲಿದು ಕಳಿಸಿದರೆ ರೋಗಿಗೆ ಮೊದಲ ಅವಕಾಶ ಕೈತಪ್ಪಿದಂತೆ.

*5. ಮೊದಲು ಆಪರೇಷನ್ನೋ, ಮೊದಲು ಕಿಮೋನೋ?*

"ಆಪರೇಷನ್ ಮಾಡಲಿಲ್ಲ, ಮೊದಲು ಕಿಮೋ ಅಂದರು, ಹಾಗಾದರೆ ಆಸೆ ಬಿಟ್ಟರೆಂದೇ?" ಎಂದು ಅನೇಕರು ಅಳುತ್ತಾರೆ. ಹಾಗಲ್ಲ.

ಯುರೋಪಿನ ಒಂದು ದೊಡ್ಡ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮೂರನೇ ಹಂತದ ಕೊನೆಯ ಭಾಗ ಮತ್ತು ನಾಲ್ಕನೇ ಹಂತದ 632 ಮಹಿಳೆಯರಲ್ಲಿ ಕೆಲವರಿಗೆ ಮೊದಲು ಆಪರೇಷನ್, ಉಳಿದವರಿಗೆ ಮೊದಲು ಮೂರು ಕಿಮೋ, ಆಮೇಲೆ ಆಪರೇಷನ್. ಬದುಕಿನ ಮಧ್ಯಾಂಕ 29 ಮತ್ತು 30 ತಿಂಗಳು, ಅಂದರೆ ಹೆಚ್ಚುಕಡಿಮೆ ಸಮ. ಮೊದಲು ಕಿಮೋ ತೆಗೆದುಕೊಂಡವರಲ್ಲಿ ಆಪರೇಷನ್ ನಂತರದ ಸಾವು ಕಡಿಮೆ ಇತ್ತು. ಎರಡೂ ಗುಂಪಿನಲ್ಲಿ, ರೋಗ ಪೂರ್ತಿ ತೆಗೆಯಲು ಸಾಧ್ಯವಾದವರೇ ಹೆಚ್ಚು ಕಾಲ ಬದುಕಿದರು.

ಹೀಗಾಗಿ ಈಗಿನ ಕ್ರಮ ಸರಳ. ಸಿ.ಟಿ. ಸ್ಕ್ಯಾನ್ ನೋಡಿ, ಬೇಕಾದರೆ ದುರ್ಬೀನಿನಿಂದ ಹೊಟ್ಟೆಯೊಳಗೆ ಇಣುಕಿ, ಪೂರ್ತಿ ತೆಗೆಯಲು ಆಗುತ್ತದೆ ಎನಿಸಿದರೆ ಮತ್ತು ರೋಗಿಗೆ ತಾಳಿಕೊಳ್ಳುವ ಶಕ್ತಿ ಇದ್ದರೆ ಮೊದಲೇ ಆಪರೇಷನ್. ಇಲ್ಲದಿದ್ದರೆ ಮೂರು ವಾರಕ್ಕೊಮ್ಮೆ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್, ಸಾಮಾನ್ಯವಾಗಿ ಮೂರು ಸುತ್ತು. ಗಂಟು ಕುಗ್ಗಿದ ಮೇಲೆ ಆಪರೇಷನ್, ನಂತರ ಉಳಿದ ಸುತ್ತುಗಳು.

*6. ಮೂರನೆಯ ಸುಳಿವು: ಸಿಎ-125 ಇಳಿಯುವ ವೇಗ*

ಸಿಎ-125 ಎಂಬುದು ರಕ್ತದಲ್ಲಿ ಅಳೆಯುವ ಒಂದು ಪ್ರೋಟೀನ್. 1980ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಬಾಸ್ಟ್ ಅವರ ತಂಡ ಇದನ್ನು ಬಳಕೆಗೆ ತಂದಿತು. 35ರವರೆಗೆ ಸಾಮಾನ್ಯ. ಮುಟ್ಟಿನ ಸಮಯ, ಗರ್ಭಿಣಿಯರು, ಎಂಡೋಮೆಟ್ರಿಯೋಸಿಸ್, ಟಿಬಿ, ಲಿವರ್ ಕಾಯಿಲೆಯಲ್ಲೂ ಏರಬಹುದು. ಆದ್ದರಿಂದ ಆರೋಗ್ಯವಂತ ಮಹಿಳೆಯರು ಪ್ಯಾಕೇಜಿನಲ್ಲಿ ಇದೆ ಎಂದು ಮಾಡಿಸಿಕೊಂಡು ಗಾಬರಿ ಬೀಳಬೇಕಿಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ತಪಾಸಣೆಯ ಅಧ್ಯಯನದ ಕೊನೆಯ ಫಲಿತಾಂಶ 2021ರಲ್ಲಿ ಬಂತು. ಪ್ರತಿ ವರ್ಷ ಹೀಗೆ ಪರೀಕ್ಷೆ ಮಾಡುವುದರಿಂದ ಈ ರೋಗದ ಸಾವು ಕಡಿಮೆಯಾಗಲಿಲ್ಲ.

ಆದರೆ ರೋಗ ಖಚಿತವಾಗಿ, ಕಿಮೋ ಆರಂಭವಾದವರಲ್ಲಿ ಈ ಅಂಕಿ ತುಂಬ ಉಪಯುಕ್ತ. ಒಂದು ಕಲ್ಪಿತ ಉದಾಹರಣೆ ನೋಡಿ.

ಮೊದಲ ಮಹಿಳೆ: ಆರಂಭದಲ್ಲಿ 1200, ಮುಂದಿನ ಮೂರು ಪರೀಕ್ಷೆಗಳಲ್ಲಿ 480, 160, 50.
ಎರಡನೆಯ ಮಹಿಳೆ: ಆರಂಭದಲ್ಲಿ 1200, ಮುಂದೆ 950, 720, 540.

ಇಬ್ಬರದ್ದೂ ಇಳಿದಿದೆ. ಮನೆಯವರು ಇಬ್ಬರ ಬಗ್ಗೆಯೂ "ಇಳೀತಾ ಇದೆ, ದೇವರ ದಯೆ" ಎನ್ನುತ್ತಾರೆ. ಆದರೆ ಮೊದಲನೆಯವರಲ್ಲಿ ಪ್ರತಿ ಸಲವೂ ಅರ್ಧಕ್ಕಿಂತ ಕೆಳಗೆ ಬಿದ್ದಿದೆ. ಎರಡನೆಯವರಲ್ಲಿ ಪ್ರತಿ ಸಲ ಕಾಲು ಭಾಗ ಮಾತ್ರ. ಮೊದಲನೆಯವರ ರೋಗ ಔಷಧಕ್ಕೆ ಚೆನ್ನಾಗಿ ಬಗ್ಗುತ್ತಿದೆ ಎಂದು ತಿಳಿಯಬಹುದು.

ಈ ವೇಗವನ್ನು ಲೆಕ್ಕ ಹಾಕುವ ವಿಧಾನಕ್ಕೆ "ಕೆಲಿಮ್" ಎಂದು ಹೆಸರು. ಫ್ರಾನ್ಸಿನ ಲಿಯೋನ್ ನಗರದ ಡಾ. ಬೆನ್ವಾ ಯೂ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಕಿಮೋ ಆರಂಭವಾದ ಮೊದಲ 100 ದಿನಗಳಲ್ಲಿ ಕನಿಷ್ಠ ಮೂರು ಬಾರಿ ಅಳೆದ ಸಿಎ-125 ಸಾಕು. ವೈದ್ಯರು ಉಚಿತ ಆನ್‌ಲೈನ್ ಲೆಕ್ಕಯಂತ್ರದಲ್ಲಿ ಹಾಕಿ ನೋಡಬಹುದು. ಅಂಕ 1 ಅಥವಾ ಹೆಚ್ಚು ಬಂದರೆ ಅನುಕೂಲಕರ: ಆಪರೇಷನ್‌ನಲ್ಲಿ ಪೂರ್ತಿ ತೆಗೆಯುವ ಸಾಧ್ಯತೆ ಹೆಚ್ಚು, ಪ್ಲಾಟಿನಂ ಔಷಧ ಮುಂದೆಯೂ ಕೆಲಸ ಮಾಡುವ ಸಾಧ್ಯತೆ ಹೆಚ್ಚು. 1ಕ್ಕಿಂತ ಕಡಿಮೆ ಇದ್ದರೆ ಚಿಕಿತ್ಸೆ ವ್ಯರ್ಥ ಎಂದಲ್ಲ. ಬೆವಾಸಿಝುಮ್ಯಾಬ್‌ನಂಥ ಹೆಚ್ಚುವರಿ ಔಷಧ ಬೇಕೇ, ಯೋಜನೆ ಬದಲಿಸಬೇಕೇ ಎಂದು ವೈದ್ಯರು ಬೇಗ ಯೋಚಿಸಲು ಅದು ಸೂಚನೆ.

ಇದಕ್ಕೆ ನೀವು ಮಾಡಬೇಕಾದ್ದು ಇಷ್ಟೇ: ವೈದ್ಯರು ಬರೆದುಕೊಟ್ಟ ಪರೀಕ್ಷೆ ತಪ್ಪಿಸಬೇಡಿ, ಸಾಧ್ಯವಾದಷ್ಟು ಒಂದೇ ಲ್ಯಾಬ್‌ನಲ್ಲಿ ಮಾಡಿಸಿ, ದಿನಾಂಕ ಮತ್ತು ಅಂಕಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದಿಡಿ.

*7. ನಾಲ್ಕನೆಯ ಸುಳಿವು: ಸೂಕ್ಷ್ಮದರ್ಶಕದ ಕೆಳಗೆ*

ಮೊದಲು ಕಿಮೋ ಪಡೆದು ನಂತರ ಆಪರೇಷನ್ ಆದವರಲ್ಲಿ, ತೆಗೆದ ಒಮೆಂಟಮ್ ಅನ್ನು ಪೆಥಾಲಜಿ ತಜ್ಞರು ನೋಡಿ 1, 2, 3 ಎಂದು ಅಂಕ ಕೊಡುತ್ತಾರೆ. 1 ಎಂದರೆ ಕಿಮೋಗೆ ರೋಗ ಹೆಚ್ಚು ಬಗ್ಗಿಲ್ಲ. 3 ಎಂದರೆ ರೋಗ ಪೂರ್ತಿ ಅಥವಾ ಬಹುತೇಕ ಮಾಯ, ಉಳಿದರೂ 2 ಮಿಲಿಮೀಟರ್ ಒಳಗಿನ ಚುಕ್ಕೆ. 3 ಬಂದವರಲ್ಲಿ ರೋಗ ಮರುಕಳಿಸುವುದು ತಡವಾಗುತ್ತದೆ. ವಿಧಾನ 2015ರಲ್ಲಿ ಪ್ರಕಟವಾದದ್ದು. ಖರ್ಚೇನೂ ಹೆಚ್ಚಿಲ್ಲ, ವರದಿಯಲ್ಲಿ ಒಂದು ಸಾಲು ಅಷ್ಟೇ. ವರದಿಯಲ್ಲಿ ಇಲ್ಲದಿದ್ದರೆ ವಿನಯದಿಂದ ಕೇಳಿ.

*8. ಐದನೆಯ ಸುಳಿವು: ಜೀನ್ ಪರೀಕ್ಷೆ*

ನಮ್ಮ ಜೀವಕೋಶಗಳಲ್ಲಿ ಡಿಎನ್‌ಎ ಹರಿದರೆ ಹೊಲಿಯುವ ದರ್ಜಿಗಳಿದ್ದಾರೆ. ಬಿಆರ್‌ಸಿಎ-1, ಬಿಆರ್‌ಸಿಎ-2 ಎಂಬ ಜೀನ್‌ಗಳು ಆ ಕೆಲಸದವು. ಇವು ಹುಟ್ಟಿನಿಂದಲೇ ಕೆಟ್ಟಿದ್ದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಬರುವ ಅಪಾಯ ಹೆಚ್ಚು. ಅಂಡಾಶಯದ ಕ್ಯಾನ್ಸರ್ ಇರುವ ಸುಮಾರು ಆರು ಮಹಿಳೆಯರಲ್ಲಿ ಒಬ್ಬರಿಗೆ ಇಂಥ ದೋಷ ಇರುತ್ತದೆ. ಮನೆತನದಲ್ಲಿ ಹಿಂದೆ ಯಾರಿಗೂ ಕ್ಯಾನ್ಸರ್ ಇಲ್ಲದವರಲ್ಲೂ ಇರಬಹುದು.

ಕೇಳಿದರೆ ಆಶ್ಚರ್ಯ, ಚಿಕಿತ್ಸೆಯ ದೃಷ್ಟಿಯಿಂದ ಇದು ಒಳ್ಳೆಯ ಸುದ್ದಿಯೂ ಹೌದು. ಪ್ಲಾಟಿನಂ ಔಷಧ ಡಿಎನ್‌ಎಯನ್ನು ಹರಿಯುತ್ತದೆ. ಕ್ಯಾನ್ಸರ್ ಕೋಶದ ಬಳಿ ಹೊಲಿಯುವ ಒಬ್ಬ ದರ್ಜಿ ಮೊದಲೇ ಇಲ್ಲ. ಒಲಾಪರಿಬ್‌ನಂಥ "ಪಾರ್ಪ್" ತಡೆಯುವ ಮಾತ್ರೆ ಎರಡನೆಯ ದರ್ಜಿಯ ಕೈಯನ್ನೂ ಕಟ್ಟುತ್ತದೆ. ಆಗ ಕೋಶ ಸಾಯುತ್ತದೆ.

ಬಿಆರ್‌ಸಿಎ ದೋಷವಿದ್ದು, ಕಿಮೋಗೆ ಸ್ಪಂದಿಸಿದ 391 ಮಹಿಳೆಯರ ಮೇಲೆ ನಡೆದ "ಸೋಲೋ-1" ಅಧ್ಯಯನ 2018ರಲ್ಲಿ ಬಂತು. ಗರಿಷ್ಠ ಎರಡು ವರ್ಷ ಒಲಾಪರಿಬ್ ಮಾತ್ರೆ ಅಥವಾ ಹುಸಿ ಮಾತ್ರೆ ಕೊಟ್ಟು ನೋಡಿದರು. 7 ವರ್ಷಗಳ ಬಳಿಕ ಮಾತ್ರೆ ತೆಗೆದುಕೊಂಡ 100ರಲ್ಲಿ 67 ಮಂದಿ ಜೀವಂತ. ಹುಸಿ ಮಾತ್ರೆಯ ಗುಂಪಿನಲ್ಲಿ 100ರಲ್ಲಿ 47ಕ್ಕಿಂತ ತುಸು ಕಡಿಮೆ. ಮುಂದುವರಿದ ಹಂತದಲ್ಲಿ ಇಂಥ ಅಂಕಿಗಳನ್ನು ಹಿಂದೆ ಊಹಿಸುವುದೂ ಕಷ್ಟವಿತ್ತು.

ಬಿಆರ್‌ಸಿಎ ಸರಿಯಿದ್ದರೂ ಡಿಎನ್‌ಎ ಹೊಲಿಯುವ ವ್ಯವಸ್ಥೆ ಬೇರೆ ಕಾರಣಕ್ಕೆ ಕೆಟ್ಟಿರಬಹುದು. ಇದನ್ನು ಗಂಟಿನ ತುಣುಕಿನಲ್ಲಿ "ಎಚ್‌ಆರ್‌ಡಿ" ಪರೀಕ್ಷೆಯಿಂದ ನೋಡುತ್ತಾರೆ. ಹೈ ಗ್ರೇಡ್ ಸೀರಸ್ ಬಗೆಯಲ್ಲಿ ಬಿಆರ್‌ಸಿಎ ದೋಷವನ್ನೂ ಸೇರಿಸಿದರೆ ಸುಮಾರು ಅರ್ಧದಷ್ಟು ಮಂದಿಯಲ್ಲಿ ಇದು ಸಿಗುತ್ತದೆ. ಇವರಿಗೂ ಪಾರ್ಪ್ ಮಾತ್ರೆಯಿಂದ ಲಾಭ ಹೆಚ್ಚು.

ಇದು ರೋಗಿಯೊಬ್ಬರ ವಿಷಯ ಮಾತ್ರ ಅಲ್ಲ. ತಾಯಿಗೆ ಹುಟ್ಟಿನಿಂದ ಬಂದ ದೋಷವಿದ್ದರೆ ಮಗಳಿಗೂ ಮಗನಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಿಆರ್‌ಸಿಎ-1 ದೋಷವಿರುವ ಮಹಿಳೆಗೆ 80 ವರ್ಷದೊಳಗೆ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ 100ರಲ್ಲಿ ಸುಮಾರು 44. ಬಿಆರ್‌ಸಿಎ-2ರಲ್ಲಿ ಸುಮಾರು 17. ಮಕ್ಕಳಾದ ಮೇಲೆ ಸೂಕ್ತ ವಯಸ್ಸಿನಲ್ಲಿ ಅಂಡಾಶಯ, ಗರ್ಭನಾಳ ತೆಗೆಸಿದರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ. ತಪಾಸಣೆಯಿಂದ ಹಿಡಿಯಲಾಗದ ರೋಗವನ್ನು ತಡೆಯುವ ದೃಢವಾದ ದಾರಿ ಇದು. "ಮಗಳ ಮದುವೆಗೆ ತೊಂದರೆ" ಎಂದು ಪರೀಕ್ಷೆಯನ್ನು ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟರೆ ಜೀನ್ ಬದಲಾಗುವುದಿಲ್ಲ, ಮಗಳಿಗೆ ಸಿಗಬೇಕಾದ ರಕ್ಷಣೆ ಮಾತ್ರ ತಪ್ಪುತ್ತದೆ. ಪರೀಕ್ಷೆಗೆ ಮೊದಲು ಮತ್ತು ನಂತರ ಜೆನೆಟಿಕ್ ಕೌನ್ಸೆಲರ್ ಜೊತೆ ಮಾತನಾಡಿ. ಗುಟ್ಟು ಕಾಪಾಡುವುದು ಅವರ ಕರ್ತವ್ಯ.

*9. ಆರನೆಯ ಸುಳಿವು: ಮರುಕಳಿಸಿದರೆ, ಯಾವಾಗ?*

ಸತ್ಯ ಹೇಳಬೇಕು. ಮುಂದುವರಿದ ಹಂತದಲ್ಲಿ ಚಿಕಿತ್ಸೆ ಮುಗಿದು ರೋಗ ಮಾಯವಾದವರಲ್ಲೂ ಹೆಚ್ಚಿನವರಿಗೆ ಮುಂದೆ ಎಂದಾದರೂ ಅದು ಮರಳುತ್ತದೆ. ಕೊನೆಯ ಪ್ಲಾಟಿನಂ ಕಿಮೋ ಮುಗಿದು ಎಷ್ಟು ಕಾಲದ ಮೇಲೆ ಮರಳಿತು ಎಂಬುದೇ ಮುಂದಿನ ಅಂದಾಜು. 6 ತಿಂಗಳ ನಂತರ ಬಂದರೆ ಅದೇ ಬಗೆಯ ಔಷಧ ಮತ್ತೆ ಕೆಲಸ ಮಾಡುವ ಸಾಧ್ಯತೆ ಇದೆ. ಅವಧಿ ಉದ್ದವಾದಷ್ಟೂ ಒಳ್ಳೆಯದು. 6 ತಿಂಗಳೊಳಗೆ ಬಂದರೆ ಔಷಧ ಬದಲಿಸಬೇಕಾಗುತ್ತದೆ.

ತಡವಾಗಿ ಮರಳಿದ ಕೆಲವರಿಗೆ ಎರಡನೇ ಆಪರೇಷನ್ ಕೂಡ ಲಾಭ ಕೊಡುತ್ತದೆ. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥವರನ್ನು ಆರಿಸಲು ಮೂರು ಪ್ರಶ್ನೆ ಬಳಸಿದರು: ದೇಹಶಕ್ತಿ ಚೆನ್ನಾಗಿದೆಯೇ, ಹೊಟ್ಟೆಯ ನೀರು ಅರ್ಧ ಲೀಟರ್ ಮೀರಿಲ್ಲವೇ, ಮೊದಲ ಆಪರೇಷನ್‌ನಲ್ಲಿ ಪೂರ್ತಿ ತೆಗೆದಿದ್ದರೇ. ನೋಡಿ, ಮೊದಲ ಆಪರೇಷನ್ ವರ್ಷಗಳ ನಂತರವೂ ಲೆಕ್ಕಕ್ಕೆ ಬರುತ್ತದೆ.

ಚಿಕಿತ್ಸೆ ಮುಗಿದ ಮೇಲೆ ಪ್ರತಿ ತಿಂಗಳು ಸಿಎ-125 ಮಾಡಿಸಿ, ಅಂಕಿ 18ರಿಂದ 24 ಆಯಿತೆಂದು ಮನೆಯಲ್ಲಿ ಅಡುಗೆ ನಿಲ್ಲಿಸುವವರಿದ್ದಾರೆ. 2010ರಲ್ಲಿ ಬ್ರಿಟನ್ ಮತ್ತು ಯುರೋಪಿನ ಅಧ್ಯಯನವೊಂದು 529 ಮಹಿಳೆಯರಲ್ಲಿ ಇದನ್ನೇ ಪರೀಕ್ಷಿಸಿತು. ಅಂಕಿ ಏರಿದ ಕೂಡಲೇ ಕಿಮೋ ಆರಂಭಿಸಿದವರೂ, ಲಕ್ಷಣ ಕಂಡ ಮೇಲೆ ಆರಂಭಿಸಿದವರೂ ಬದುಕಿದ ಅವಧಿ ಹೆಚ್ಚುಕಡಿಮೆ ಒಂದೇ. ಆದ್ದರಿಂದ ತಪಾಸಣೆ ಎಷ್ಟು ಸಲ ಎಂಬುದನ್ನು ವೈದ್ಯರಿಗೆ ಬಿಡಿ. ನಡುವಿನ ದಿನಗಳು ಬದುಕಲಿಕ್ಕಾಗಿ ಇವೆ.

*10. ಕಂಪ್ಯೂಟರ್ ಹೇಳಬಹುದೇ?*

ಸಿ.ಟಿ. ಸ್ಕ್ಯಾನ್‌ನಲ್ಲಿ ನಮ್ಮ ಕಣ್ಣಿಗೆ ಕಾಣದ ವಿನ್ಯಾಸಗಳನ್ನು ಓದಿ ಫಲ ಊಹಿಸುವ ಪ್ರೋಗ್ರಾಂಗಳು ಬಂದಿವೆ. 2019ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ 364 ಮಹಿಳೆಯರ ಮಾಹಿತಿ ಬಳಸಿ ಇಂಥದ್ದನ್ನು ತೋರಿಸಿತು. ಇವು ಭರವಸೆಯ ಸಂಶೋಧನೆಗಳು. ಆದರೆ ಒಂದು ದೇಶದ ರೋಗಿಗಳ ಮೇಲೆ ಕಲಿತ ಯಂತ್ರ ನಮ್ಮವರ ಮೇಲೆ ಅಷ್ಟೇ ಸರಿಯಾಗಿ ಹೇಳುತ್ತದೆಯೇ ಎಂದು ಮೊದಲು ಪರೀಕ್ಷಿಸಬೇಕು. ಸದ್ಯ ಮೊಬೈಲ್ ಆ್ಯಪ್‌ಗೆ ವರದಿ ಹಾಕಿ ಆಯುಷ್ಯ ಕೇಳಬೇಡಿ.

*11. ನಮ್ಮ ಭಾಗದವರಿಗೆ ದಾರಿ*

🔹 ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಿಂದ ಇದೆ. ಕಲ್ಯಾಣ್, ಡೊಂಬಿವಲಿ, ಠಾಣೆಯಿಂದ ಸೆಂಟ್ರಲ್ ಲೈನಿನ ಸ್ಲೋ ಲೋಕಲ್ ಪರೇಲಿನಲ್ಲಿ ನಿಲ್ಲುತ್ತದೆ.

🔹 ಟಾಟಾದ್ದೇ ಇನ್ನೊಂದು ಕೇಂದ್ರ ನವಿ ಮುಂಬಯಿಯ ಖಾರ್ಘರ್‌ನಲ್ಲಿರುವ ಆಕ್ಟ್ರೆಕ್. ಚಿಕಿತ್ಸೆಯ ಜೊತೆ ಸಂಶೋಧನೆಯೂ ಅಲ್ಲಿ ನಡೆಯುತ್ತದೆ. ಠಾಣೆಯಲ್ಲಿ ಪನ್ವೇಲ್ ಕಡೆಯ ಟ್ರಾನ್ಸ್ ಹಾರ್ಬರ್ ಲೋಕಲ್ ಹಿಡಿದರೆ ಖಾರ್ಘರ್‌ನಲ್ಲಿ ಇಳಿಯಬಹುದು.

🔹 ಲೋಕಲ್ ರೈಲಿನ ದಿವ್ಯಾಂಗರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಪ್ರಯಾಣಿಸಲು ಅವಕಾಶವಿದೆ. ಆಸ್ಪತ್ರೆಯ ಕಾರ್ಡ್ ಜೊತೆಗಿರಲಿ. ಕಿಮೋ ನಡೆಯುವಾಗ ಸಂಜೆಯ ಗರ್ದಿ ತಪ್ಪಿಸಿ.

🔹 ಖರ್ಚಿಗೆ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಮತ್ತು ಆಯುಷ್ಮಾನ್ ಭಾರತ್ ಇವೆ. ಯಾವ ಔಷಧ, ಯಾವ ಆಸ್ಪತ್ರೆ ಸೇರುತ್ತದೆ ಎಂದು ಚಿಕಿತ್ಸೆಗೆ ಮೊದಲೇ ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ಕೇಳಿ. ರೇಷನ್ ಕಾರ್ಡ್, ಆಧಾರ್ ಜೊತೆಗೆ ಒಯ್ಯಿರಿ. ಒಡವೆ ಅಡ ಇಡುವ ಮೊದಲು ಈ ಕಿಟಕಿಗೆ ಹೋಗಿ.

🔹 ಊರಿನಲ್ಲೇ ಚಿಕಿತ್ಸೆ ಮಾಡಿಸುವವರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ. ಆದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ ಮಾಡಿ ಕಿಮೋದ ದಿನ ತಪ್ಪಿಸಬೇಡಿ.

*12. ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು*

ಇವನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ.

✅ ಬಯಾಪ್ಸಿಯಲ್ಲಿ ಯಾವ ಬಗೆ ಬಂದಿದೆ? ಹಂತ ಯಾವುದು?
✅ ಮೊದಲು ಆಪರೇಷನ್ ಅಥವಾ ಮೊದಲು ಕಿಮೋ, ಯಾಕೆ?
✅ ಆಪರೇಷನ್ ಮಾಡುವವರು ಸ್ತ್ರೀರೋಗ ಕ್ಯಾನ್ಸರ್ ತಜ್ಞರೇ?
✅ ಆಪರೇಷನ್ ಬಳಿಕ: ಕಣ್ಣಿಗೆ ಕಾಣುವ ರೋಗ ಉಳಿದಿದೆಯೇ? ಎಷ್ಟು?
✅ ಸಿಎ-125 ಇಳಿಯುವ ವೇಗ ಹೇಗಿದೆ?
✅ ಬಿಆರ್‌ಸಿಎ, ಎಚ್‌ಆರ್‌ಡಿ ಪರೀಕ್ಷೆ ಯಾವಾಗ? ಪಾರ್ಪ್ ಮಾತ್ರೆ ಬೇಕೇ? ಅದರ ಖರ್ಚಿಗೆ ನೆರವು ಇದೆಯೇ?

*13. ರೋಗಿಗೆ ಹೇಳಬೇಕೇ?*

ನಮ್ಮ ಮನೆಗಳಲ್ಲಿ ಅಮ್ಮನಿಗೆ "ಗಂಟು ಇದೆ, ತೆಗೆಯುತ್ತಾರೆ" ಎಂದು ಹೇಳಿ, ನಿಜವನ್ನು ಗಂಡ ಮಕ್ಕಳು ಮಾತ್ರ ಹೊತ್ತು ತಿರುಗುವುದು ರೂಢಿ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಕೂದಲು ಉದುರಿದಾಗ, ಆಸ್ಪತ್ರೆಯ ಬೋರ್ಡು ಓದಿದಾಗ ಅವರಿಗೆ ತಿಳಿಯದೇ ಇರುತ್ತದೆಯೇ? ತಿಳಿದೂ ಮಕ್ಕಳ ಎದುರು ತಿಳಿಯದಂತೆ ನಟಿಸುವ ಒಂಟಿತನ ರೋಗಕ್ಕಿಂತ ಕಷ್ಟ.

ಎಲ್ಲ ಅಂಕಿಗಳನ್ನೂ ಒಂದೇ ದಿನ ಹೇಳಬೇಕಿಲ್ಲ. "ನಿನಗೆ ಎಷ್ಟು ತಿಳಿಯಬೇಕು ಅನಿಸುತ್ತದೆ?" ಎಂದು ಕೇಳಿ. ಕೆಲವರು ಎಲ್ಲವನ್ನೂ ಕೇಳುತ್ತಾರೆ. ಕೆಲವರು "ನೀವೇ ನೋಡಿಕೊಳ್ಳಿ" ಎನ್ನುತ್ತಾರೆ. ಎರಡೂ ಅವರ ಹಕ್ಕು. ಅಂದಾಜು ಒಳ್ಳೆಯದಿದ್ದರೆ ಆರು ಸುತ್ತು ಕಿಮೋ ಸಹಿಸಲು ಧೈರ್ಯ ಸಿಗುತ್ತದೆ. ಒಳ್ಳೆಯದಿಲ್ಲದಿದ್ದರೆ ಮೊಮ್ಮಗನ ಉಪನಯನವನ್ನು ಮುಂದಿನ ವರ್ಷಕ್ಕೆ ತಳ್ಳದೆ ಈ ವರ್ಷವೇ ಇಟ್ಟುಕೊಳ್ಳಬಹುದು, ಊರಿನ ಮನೆಗೊಮ್ಮೆ ಹೋಗಿ ಬರಬಹುದು, ಮನಸ್ಸಿನಲ್ಲಿದ್ದ ಮಾತು ಆಡಿ ಮುಗಿಸಬಹುದು. ನೋವು ಶಮನದ ಚಿಕಿತ್ಸೆ, ಅಂದರೆ ಪ್ಯಾಲಿಯೇಟಿವ್ ಕೇರ್, ಕೊನೆಯ ದಿನಗಳಿಗೆ ಮಾತ್ರ ಅಲ್ಲ. ಮೊದಲಿನಿಂದಲೇ ಕಿಮೋ ಜೊತೆಗೇ ಕೇಳಿ ಪಡೆಯಿರಿ.

*ನೆನಪಿಡಿ*

👉 ಎರಡು ಮೂರು ವಾರ ಬಿಡದ ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬುವುದು, 45 ದಾಟಿದವರಲ್ಲಿ ಹೊಸದಾಗಿ ಕಂಡರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ.
👉 ಹಂತ ಒಂದೇ ಎಲ್ಲವನ್ನೂ ಹೇಳುವುದಿಲ್ಲ. ಬಗೆ, ಶಕ್ತಿ, ಉಳಿದ ರೋಗ, ಸಿಎ-125ರ ವೇಗ, ಜೀನ್ ಎಲ್ಲ ಸೇರಿ ಹೇಳುತ್ತವೆ.
👉 ಮೊದಲ ಆಪರೇಷನ್ ಸರಿಯಾದ ಜಾಗದಲ್ಲಿ ಆಗಲಿ.
👉 ಜೀನ್ ಪರೀಕ್ಷೆ ರೋಗಿಗೂ ಬೇಕು, ಹೆಣ್ಣುಮಕ್ಕಳಿಗೂ ಬೇಕಾಗಬಹುದು.
👉 ಅಂಕಿ ಗುಂಪಿನದ್ದು, ಬದುಕು ಒಬ್ಬರದ್ದು.

ಈ ಲೇಖನ ತಿಳುವಳಿಕೆಗಾಗಿ ಮಾತ್ರ. ಚಿಕಿತ್ಸೆಯ ನಿರ್ಧಾರ ನಿಮ್ಮ ವೈದ್ಯರ ಸಲಹೆಯಂತೆಯೇ ಇರಲಿ. ಉಪಯೋಗ ಎನಿಸಿದರೆ ನಿಮ್ಮ ಬಳಗದ ಮಹಿಳೆಯರಿಗೆ, ಮುಖ್ಯವಾಗಿ ಗಂಡಸರಿಗೂ, ಕಳುಹಿಸಿ. ಆಸ್ಪತ್ರೆಯ ಬಾಗಿಲ ಹೊರಗೆ ನಿಂತು ಆ ಎರಡನೆಯ ಪ್ರಶ್ನೆ ಕೇಳುವವರು ಹೆಚ್ಚಾಗಿ ಅವರೇ.

ಎಲ್ಲರಿಗೂ ಆರೋಗ್ಯ ಲಭಿಸಲಿ. 🙏